ಪತ್ರಿಕೆಯೂ ವಾಚಕರ ಧರ್ಮವೂ

(ಸಾರ್ವಜನಿಕ ವಾಚನಾಲಯವೊಂದರ ವಾರ್ಷಿಕೋತ್ಸವದಲ್ಲಿ ಶಿಕ್ಷಕರನ್ನೂ ನಾಗರಿಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ವೃತ್ತಪತ್ರಗಳಿಂದ ಜನಜೀವನಕ್ಕೆ ಆಗುವ ಪ್ರಯೋಜನವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಈ ವಾಚನಾಲಯದ ಚಾಲಕರು ನಮಗೆ ಅಪ್ಪಣೆ ಮಾಡಿದ್ದಾರೆ. ವಿಷಯವು ಮೇಲ್ನೋಟಕ್ಕೆ ಸುಲಭವಾದದ್ದು. ಪತ್ರಿಕೆಯು ಜ್ಞಾನದ ದೀಪ, ಪ್ರಜೆಗಳ ಬಾಯಿ, ಆಳುವವರ ಕಣ್ಣು ಎಂದು ಹೊಗಳಿ, ಹಾರ ಹಾಕಿಸಿಕೊಂಡು ಕುಳಿತುಬಿಡಬಹುದು. ಆದರೆ ಹೊಗಳಿಕೆಯನ್ನು ಉಂಡು ಬದುಕಿದ ಪತ್ರಿಕೆ ಯಾವದೂ ಇಲ್ಲ. ಹೊಗಳಿಸಿಕೊಳ್ಳುತ್ತಲೇ ಕಣ್ಣು ಮುಚ್ಚಿದ ಪತ್ರಿಕೆಗಳು ನಮ್ಮ ನಾಡಿನಲ್ಲಿ ಬಹಳ. ಆದುದರಿಂದ ಇಂದು ಗುಣಗಾನವನ್ನು ಬದಿಗಿಟ್ಟು, ಪತ್ರಿಕೆಯು ಓದುವವನ ದಿನದಿನದ ಬಾಳಿನಲ್ಲಿ ಏನು ಕೆಲಸ ಮಾಡಿತು, ಮುಂದೆ ಏನು ಮಾಡಬೇಕು, ಅದಕ್ಕಾಗಿ ಓದುವವನು ಏನು ಕೊಡಬೇಕು ಎಂಬ ಮೂರು ಮಾತುಗಳನ್ನಷ್ಟೇ ವಿಚಾರಿಸುವೆವು.

ಮೊದಲು ಮೂಲಕ್ಕೆ ಹೋಗೋಣ. ಸನ್ 1843ರ ಜುಲೈ 1ನೆಯ ತಾರೀಖಿಗೆ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗರು 'ಮಂಗಳೂರ ಸಮಾಚಾರ'ವೆಂಬ ಪಾಕ್ಷಿಕವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದ ಮೊದಲನೆಯ ಸಮಾಚಾರ ಪತ್ರವೆಂಬ ಮಾನವು ಅದರದು. ಆ ಸಣ್ಣ ಹಾಳೆಯಲ್ಲಿ ಊರ ವರ್ತಮಾನವಿತ್ತು, ಸರಕಾರದ ನಿರೂಪಗಳಿದ್ದವು, ಪರರಾಜ್ಯದ ಸುದ್ದಿಯಿತ್ತು, ಕಥೆಯಿತ್ತು, ದಾಸರ ಪದವೂ ಇತ್ತು. ಮನೆಯವನಿಗೆ ಬೇಕಾದದ್ದೂ ಮನೆವಾರ್ತೆಗೆ ಬೇಕಾದದ್ದೂ ಒಂದೇ ಹಾಳೆಯಲ್ಲಿ ಕೂಡಿ ಬರಬೇಕೆಂಬ ಪದ್ಧತಿಯು ಅಂದಿನಿಂದಲೇ ನಡೆದು ಬಂದದ್ದು. ಮರುವರ್ಷವೇ, ಎಂದರೆ 1844ರಲ್ಲಿ, ಆ ಪತ್ರಿಕೆಯು ಬಳ್ಳಾರಿಗೆ ಹೋಗಿ ಮೊಳೆಯಚ್ಚಿನಲ್ಲಿ ಅಚ್ಚಾಗತೊಡಗಿತು. ಅದರ ಹೆಸರು 'ಕನ್ನಡ ಸಮಾಚಾರ'ವೆಂದಾಯಿತು.

ಮಹಾಜನರೇ, ಈ ಹೆಸರಿನ ಬದಲಾವಣೆಯನ್ನು ತಾವು ಲಕ್ಷ್ಯವಿಟ್ಟು ನೋಡಬೇಕು. ಊರಿನ ಹೆಸರು ಹೋಗಿ ನುಡಿಯ ಹೆಸರು ಬಂದಿತು. ಮೊಗ್ಲಿಂಗರು ಪ್ರಾಂತ ಏಕೀಕರಣದ ಯೋಚನೆ ಮಾಡಿದ್ದರೆಂದು ನಾವು ಹೇಳುವದಿಲ್ಲ. ಅವರ ಉದ್ದೇಶವೇ ಬೇರೆಯಾಗಿತ್ತು. ಆದರೆ ಪತ್ರಿಕೆಯ ಸ್ವಭಾವವೇ ಹೀಗೆ. ಅದು ಕಡಲ ತಡಿಯಲ್ಲಿ ಹುಟ್ಟಿದರೂ ಘಟ್ಟವನ್ನು ಹತ್ತುವದು. ಘಟ್ಟವನ್ನು ಹತ್ತಿದ ಮೇಲೆ ಊರಿನ ಹೆಸರು ಅದಕ್ಕೆ ಸಾಲದೆ ಹೋಗುವದು. ನುಡಿಯು ಎಲ್ಲಿಯ ವರೆಗೆ ನಡೆಯುವದೋ ಅಲ್ಲಿಯ ವರೆಗೆ ಅದರ ಸೀಮೆ. ಕನ್ನಡಿಗರ ಒಂದು ನಾಡು ನಕಾಶೆಯ ಮೇಲೆ ಕಾಣಿಸಿಕೊಳ್ಳುವದಕ್ಕೆ ನೂರಾ ಹನ್ನೆರಡು ವರ್ಷ ಮೊದಲೇ ಅದರ ಹೆಸರು ಒಂದು ಪತ್ರಿಕೆಯ ನೆತ್ತಿಯ ಮೇಲೆ ಅಚ್ಚಾಗಿತ್ತು!

ನಮ್ಮ ನಾಡು ಅಂದು ಹೇಗೆ ಹರಿದು ಹಂಚಿಹೋಗಿತ್ತೆಂಬದನ್ನು ಇಂದಿನ ತರುಣರು ಊಹಿಸುವದೂ ಕಠಿಣ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಇಲಾಖೆಗೆ. ಬಳ್ಳಾರಿ, ಮಂಗಳೂರುಗಳು ಮದ್ರಾಸು ಇಲಾಖೆಗೆ. ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮರಿಗೆ. ಮೈಸೂರು ಬೇರೆ, ಕೊಡಗು ಬೇರೆ. ನಡುನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸೊಂಡೂರುಗಳಂಥ ಸಂಸ್ಥಾನಗಳು. ಧಾರವಾಡದವನಿಗೆ ಕಚೇರಿಯಲ್ಲಿ ಮರಾಠಿಯ ಕಾಟ, ಕಲಬುರ್ಗಿಯವನಿಗೆ ಉರ್ದುವಿನ ಆಳಿಕೆ, ಬಳ್ಳಾರಿಯವನಿಗೆ ಮಗ್ಗುಲಲ್ಲೇ ತೆಲುಗಿನ ಪ್ರಾಬಲ್ಯ. ಒಬ್ಬನ ನೋವು ಮತ್ತೊಬ್ಬನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಮನೆಗಳಲ್ಲಿ ದತ್ತಕ ಹೋದಂತೆ ಇದ್ದೆವು.

ಇಂಥ ಸ್ಥಿತಿಯಲ್ಲಿ ಪತ್ರಿಕೆಯು ಮಾಡಿದ ಮೊದಲನೆಯ ಕೆಲಸವು ಯಾವದು? ಪಂಚಾಂಗವು ಎಲ್ಲ ಮನೆಗಳಿಗೆ ಒಂದೇ ತಿಥಿ, ಒಂದೇ ಹಬ್ಬವನ್ನು ಕೊಡುವಂತೆ, ವಾರಪತ್ರವು ಎಲ್ಲ ಓದುಗರಿಗೆ ಒಂದೇ ವಾರದ ಚಿಂತೆಯನ್ನು ಕೊಟ್ಟಿತು. ಟಪ್ಪಾಲಿನವನು ಹಂಚಿದ ಒಂದೇ ಸುದ್ದಿಯನ್ನು ಹುಬ್ಬಳ್ಳಿಯ ವ್ಯಾಪಾರಿಯೂ, ಶಿರಸಿಯ ತೋಟಿಗನೂ, ವಿಜಾಪುರದ ಮಾಸ್ತರರೂ ಒಂದೆರಡು ದಿನಗಳ ಅಂತರದಲ್ಲಿ ಓದಿದರು. ತಮ್ಮ ಹಾಗೆಯೇ ಕಾಣದ ಸಾವಿರಾರು ಜನರು ಇದನ್ನೇ ಓದುತ್ತಿದ್ದಾರೆಂಬ ಅರಿವು ಅವರಿಗೆ ಉಂಟಾಯಿತು. ನಾಡೆಂಬದು ಮಣ್ಣಿನಿಂದ ಮಾತ್ರ ಆಗುವದಿಲ್ಲ, ಸಜ್ಜನರೇ. ಈ ಅರಿವಿನಿಂದಲೂ ಆಗುವದು. ಆಲೂರ ವೆಂಕಟರಾಯರು 'ವಾಗ್ಭೂಷಣ'ದ ಸೇವೆಯಲ್ಲಿ ಕೈ ಪಳಗಿಸಿ, 1922ರಲ್ಲಿ 'ಜಯಕರ್ನಾಟಕ'ವನ್ನು ಹೊರಡಿಸಿದ್ದು ಈ ಅರಿವನ್ನು ಬೆಳೆಸುವದಕ್ಕಾಗಿಯೇ. 1921ರಲ್ಲಿ ಧಾರವಾಡದಲ್ಲಿ ಹುಟ್ಟಿದ 'ಕರ್ಮವೀರ'ವೂ, 1929ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ 'ಸಂಯುಕ್ತ ಕರ್ನಾಟಕ'ವೂ ಅದೇ ಹಾದಿಯನ್ನು ಹಿಡಿದವು. 'ಸಂಯುಕ್ತ ಕರ್ನಾಟಕ'ವೆಂಬ ಆ ಹೆಸರೇ ಒಂದು ಬೇಡಿಕೆಯಾಗಿತ್ತು. ಪತ್ರಿಕೆಯನ್ನು ಕೊಂಡವನು ಪ್ರತಿಸಾರೆಯೂ ಆ ಬೇಡಿಕೆಗೆ ತನ್ನ ರುಜು ಹಾಕುತ್ತಿದ್ದನು.

ಎರಡನೆಯ ಕೆಲಸವು ನುಡಿಯದು. ನಮ್ಮಲ್ಲಿ ಒಬ್ಬನು 'ಠರಾವು' ಎಂದರೆ ಮತ್ತೊಬ್ಬನು 'ನಿರ್ಣಯ' ಎನ್ನುವನು. ಒಬ್ಬನ 'ವರ್ಗಣಿ'ಯು ಮತ್ತೊಬ್ಬನ 'ಚಂದಾ'. ಒಬ್ಬನ 'ಟಪ್ಪಾಲು' ಮತ್ತೊಬ್ಬನ 'ಅಂಚೆ'. ಈ ಭೇದವನ್ನು ಹಿಡಿದು 'ಧಾರವಾಡದ ಕನ್ನಡ ಬೇರೆ, ಮೈಸೂರಿನ ಕನ್ನಡ ಬೇರೆ' ಎಂದು ನಗುವವರು ಹಿಂದೆಯೂ ಇದ್ದರು, ಇಂದಿಗೂ ಇದ್ದಾರೆ. ಪತ್ರಿಕೆಯು ಯಾವ ಶಬ್ದವನ್ನೂ ಬಹಿಷ್ಕರಿಸದೆ, ಎಲ್ಲವನ್ನೂ ಎಲ್ಲರ ಕಿವಿಗೆ ಹಾಕಿತು. ಮನೆಯೊಳಗೆ ಸೊಸೆಯಂದಿರು ಬೇರೆ ಬೇರೆ ಊರುಗಳಿಂದ ಬಂದರೂ ನಾಲ್ಕು ವರ್ಷಗಳಲ್ಲಿ ಒಂದೇ ಮನೆಯ ಮಾತು ಹುಟ್ಟುವ ಹಾಗೆ ನಮ್ಮಲ್ಲಿ ಒಂದು ಸಾಮಾನ್ಯವಾದ ಗದ್ಯವು ಹುಟ್ಟಿತು. ಅಸಹಕಾರ, ಸತ್ಯಾಗ್ರಹ, ಸ್ವದೇಶಿ, ಬಹಿಷ್ಕಾರವೆಂಬ ಮಾತುಗಳು ಪಂಡಿತರ ಕೋಶದಿಂದ ಹಳ್ಳಿಗೆ ಹೋಗಲಿಲ್ಲ. ವಾರಪತ್ರದ ಕಾಲಮಿನಿಂದ ಹೋದವು. ರಾಜಕಾರಣ, ಅರ್ಥಶಾಸ್ತ್ರ, ಆರೋಗ್ಯಗಳ ಮಾತನ್ನು ಕನ್ನಡದಲ್ಲಿ ಆಡಬಹುದೆಂಬ ಧೈರ್ಯವನ್ನು ನಮಗೆ ಕೊಟ್ಟದ್ದು ಈ ಹಾಳೆಗಳು.

ಇಲ್ಲಿ ಶಿಕ್ಷಕ ಬಂಧುಗಳಿಗೆ ಒಂದು ಮಾತು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಶಾಲೆಗಳೇ ಮರಾಠಿಯಾಗಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಪಾಡು ತಮಗೆ ತಿಳಿದದ್ದೇ. ಕೇವಲ ಶಾಲೆಗಳಿಂದ ಕೆಲಸವಾಗಲಾರದು, ಶಿಕ್ಷಕನಿಗೂ ಓದಲು ಏನಾದರೂ ಬೇಕೆಂದು ಆ ಕಾಲದವರು ಅರಿತಿದ್ದರು. ಆದುದರಿಂದಲೇ 1860ರ ದಶಕದಲ್ಲಿಯೇ ಈ ಭಾಗದಲ್ಲಿ 'ಮಠಪತ್ರಿಕೆ' ಹೊರಟಿತು. 'ಮಠ'ವೆಂದರೆ ಆಗ ಶಾಲೆಯೆಂದೇ ಅರ್ಥ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದವರೂ ಕೆಲವೇ ವರ್ಷಗಳಲ್ಲಿ 'ವಾಗ್ಭೂಷಣ'ಕ್ಕೆ ಕೈ ಹಾಕಿದರು. ಸಂಘವು ಕಟ್ಟಡದಲ್ಲಿರುವದು, ಪತ್ರಿಕೆಯು ಕಟ್ಟಡವಿಲ್ಲದ ಊರಿಗೂ ಹೋಗುವದೆಂಬದು ಅವರ ತಿಳಿವಳಿಕೆ.

ಮೂರನೆಯ ಕೆಲಸವು ಎಲ್ಲಕ್ಕೂ ದೊಡ್ಡದು. ಆದರೂ ಲೆಕ್ಕಕ್ಕೆ ಸಿಕ್ಕದ್ದು. 1951ರ ಖಾನೇಸುಮಾರಿಯಲ್ಲಿ ಭಾರತದ ಅಕ್ಷರಸ್ಥರು ನೂರಕ್ಕೆ ಸುಮಾರು ಹದಿನೆಂಟು ಜನ. ಅಂದರೆ ಐವರಲ್ಲಿ ನಾಲ್ವರು ಓದಲಾರದವರು. ಅದಕ್ಕೂ ಹಿಂದಿನ ದಶಕಗಳ ಮಾತನ್ನು ಹೇಳಲೇ ಬೇಕಿಲ್ಲ. ಹಾಗಿದ್ದರೆ ಸ್ವಾತಂತ್ರ್ಯದ ಮಾತು ಹಳ್ಳಿಯ ಒಕ್ಕಲಿಗನಿಗೆ ಮುಟ್ಟಿದ್ದು ಹೇಗೆ? ಒಬ್ಬನು ಓದಿದನು, ಹತ್ತು ಜನ ಕೇಳಿದರು. ಚಾವಡಿಯಲ್ಲಿ, ಅಗಸಿಯ ಕಟ್ಟೆಯ ಮೇಲೆ, ಗುಡಿಯ ಪೌಳಿಯಲ್ಲಿ, ಚಹದ ಅಂಗಡಿಯಲ್ಲಿ ಕನ್ನಡ ಶಾಲೆಯ ಮಾಸ್ತರರೋ ಶಾನಭೋಗರ ಮಗನೋ ಗಟ್ಟಿಯಾಗಿ ಓದುವರು. ಕೇಳುವವರು ನಡುವೆ ತಡೆದು 'ಇದರರ್ಥವೇನು ಮಾಸ್ತರ?' ಎಂದು ಕೇಳುವರು. ಹುಬ್ಬಳ್ಳಿ, ಗದಗುಗಳ ಅರಳೆಯ ಧಾರಣೆಯನ್ನು ಕೇಳುವದಕ್ಕೆಂದು ಬಂದು ಕುಳಿತವನು ಸೆರೆಮನೆಗೆ ಹೋದ ಸತ್ಯಾಗ್ರಹಿಯ ಸುದ್ದಿಯನ್ನೂ ಕೇಳಿ ಮನೆಗೆ ಹೋಗುವನು. ಪತ್ರಿಕೆಯ ಪ್ರತಿಗಳ ಸಂಖ್ಯೆಯೇ ಬೇರೆ, ಅದರ ಶ್ರೋತೃಗಳ ಸಂಖ್ಯೆಯೇ ಬೇರೆ. ಆ ಓದು ಸುದ್ದಿಯನ್ನು ಹೇಳುವದಷ್ಟೇ ಅಲ್ಲದೆ ಸುದ್ದಿಯನ್ನು ಜರಡಿ ಹಿಡಿಯುತ್ತಿತ್ತು. ಹತ್ತು ಜನರ ಎದುರಿಗೆ ಓದಿದ ಸುಳ್ಳು ಬಹಳ ಹೊತ್ತು ನಿಲ್ಲಲಾರದು. ಯಾವನಾದರೊಬ್ಬ ಮುದುಕನು 'ಇದು ಹೀಗಿರಲಾರದು' ಎಂದು ತಲೆಯಾಡಿಸುವನು.

ಕಟ್ಟೆಗೆ ಬರಲಾರದವರ ಮಾತೇನು? ನಮ್ಮ ತಾಯಂದಿರಿಗೆ ಕಟ್ಟೆಯೂ ಇರಲಿಲ್ಲ, ಚಾವಡಿಯೂ ಇರಲಿಲ್ಲ. ಬಾಲ್ಯದಲ್ಲಿಯೇ ವೈಧವ್ಯವನ್ನು ಪಡೆದ ನಂಜನಗೂಡು ತಿರುಮಲಾಂಬಾ ಅವರು ಮನೆಯೊಳಗೇ ಓದಿ ಬರೆದು, 1916ರಲ್ಲಿ 'ಕರ್ನಾಟಕ ನಂದಿನಿ'ಯನ್ನು ಹೊರಡಿಸಿದರು. ಆರ್. ಕಲ್ಯಾಣಮ್ಮನವರು 'ಸರಸ್ವತಿ'ಯನ್ನು ದಶಕಗಳ ಕಾಲ ನಡೆಸಿದರು. ಮಾಸಪತ್ರವು ಬಾಗಿಲು ದಾಟಿ ಅಡಿಗೆಯ ಮನೆಯ ವರೆಗೆ ಹೋದದ್ದು ಇಂಥವರಿಂದ. ಹೊರಗೆ ಹೋಗಲಾರದವಳ ಬಳಿಗೆ ಹೊರಗಿನ ಲೋಕವನ್ನೇ ಕರೆದು ತರುವ ಕೆಲಸವನ್ನು ಬೇರೆ ಯಾವ ಸಾಧನವೂ ಆಗ ಮಾಡುವ ಹಾಗಿರಲಿಲ್ಲ.

ಇಷ್ಟು ಪ್ರಯೋಜನವು ಸುಮ್ಮನೆ ದೊರೆಯಲಿಲ್ಲ. 1878ರಲ್ಲಿ ಲಿಟ್ಟನ್ನರ ಸರಕಾರವು ದೇಶಭಾಷೆಯ ಪತ್ರಗಳಿಗೆಂದೇ ಒಂದು ಕಾಯದೆಯನ್ನು ಮಾಡಿತು. ಇಂಗ್ಲಿಷ್ ಪತ್ರಗಳಿಗೆ ಅದು ತಗಲುತ್ತಿರಲಿಲ್ಲ. ಆಳುವವರು ಯಾವದಕ್ಕೆ ಅಂಜಿದರೆಂಬದು ಇದರಿಂದಲೇ ಸ್ಪಷ್ಟ. ಜನರ ನುಡಿಯಲ್ಲಿ ಬರೆದದ್ದು ಜನರಿಗೆ ಮುಟ್ಟುವದೆಂಬ ಸತ್ಯವನ್ನು ನಮಗಿಂತ ಮೊದಲು ಅವರೇ ಕಂಡುಕೊಂಡಿದ್ದರು! 1908ರಲ್ಲಿ 'ಕೇಸರಿ'ಯ ಲೇಖನಗಳಿಗಾಗಿ ಲೋಕಮಾನ್ಯರಿಗೆ ಆರು ವರ್ಷಗಳ ಶಿಕ್ಷೆಯಾಯಿತು. ಅದೇ 1908ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪತ್ರಿಕಾ ಶಾಸನವು ಬಂದಾಗ ವೃದ್ಧ ಪಿತಾಮಹ ಎಂ. ವೆಂಕಟಕೃಷ್ಣಯ್ಯನವರು ಅದನ್ನು ತಲೆಬಾಗಿ ಒಪ್ಪಿಕೊಳ್ಳದೆ ಪತ್ರಿಕೆಗಳನ್ನೇ ನಿಲ್ಲಿಸಿದರು. 1910ರ ಕಾಯದೆಯು ಜಾಮೀನಿನ ಹಣವನ್ನು ಕೇಳಿತು. 1942ರಲ್ಲಿ ಬಹಿರಂಗವಾಗಿ ಅಚ್ಚು ಹಾಕುವದಕ್ಕೆ ಆಸ್ಪದವಿಲ್ಲದಾಗ ಗುಪ್ತ ಪತ್ರಿಕೆಗಳು ಕೈಯಿಂದ ಕೈಗೆ ಹರಿದಾಡಿದವು. ಯುದ್ಧಕಾಲದಲ್ಲಿ ಕಾಗದ ಸಿಕ್ಕದೆ ಪುಟಗಳು ಸಣ್ಣವಾದವು. ಇದೆಲ್ಲದರ ಜೊತೆಗೆ ನಮ್ಮ ಲಿಪಿಯ ಕಷ್ಟವೂ ಇತ್ತು. ಕಾಗುಣಿತವೂ ಒತ್ತಕ್ಷರಗಳೂ ಕೂಡಿ ಕನ್ನಡದ ಮೊಳೆಗಳ ಮನೆಗಳು ನೂರಾರು. ಒಂದೊಂದು ಸಾಲನ್ನೂ ಕೈಯಿಂದ ಆಯ್ದು ಜೋಡಿಸಬೇಕಾಗಿತ್ತು. ಸಂಪಾದಕನು ತಾನೇ ಬರೆದು, ತಾನೇ ಕರಡು ತಿದ್ದಿ, ತಾನೇ ವಿಳಾಸ ಬರೆದು ಟಪ್ಪಾಲಿಗೆ ಹಾಕುವದು ಸರ್ವಸಾಧಾರಣವಾಗಿತ್ತು. ಇಷ್ಟಾದ ಮೇಲೂ ಪತ್ರಿಕೆಯನ್ನು ಕೊಂದದ್ದು ಬಹಳ ಸಾರೆ ಸರಕಾರವಲ್ಲ. ವರ್ಗಣಿಯನ್ನು ಕಳಿಸದ ವಾಚಕ!

ಕೊನೆಗೆ ಫಲವು ಬಂದಿತು. 1924ರ ಬೆಳಗಾವಿ ಕಾಂಗ್ರೆಸ್ಸಿನ ಹೊತ್ತಿಗೆ ಮೊದಲನೆಯ ಏಕೀಕರಣ ಪರಿಷತ್ತು ಕೂಡಿತು; 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸಕ್ಕೆ ಕುಳಿತಾಗ ನಾಡೆಲ್ಲ ತಳಮಳಿಸಿತು; 1955ರಲ್ಲಿ ಪ್ರಾಂತ ಪುನರ್ವಿಂಗಡಣಾ ಆಯೋಗವು ತನ್ನ ವರದಿಯನ್ನು ಕೊಟ್ಟಿತು; 1956ರ ನವ್ಹೆಂಬರ 1ಕ್ಕೆ ಕನ್ನಡಿಗರದೊಂದು ರಾಜ್ಯವಾಯಿತು; 1973ರ ಅದೇ ದಿನ ಅದಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 'ಇನ್ನು ಕೆಲಸ ಮುಗಿಯಿತಲ್ಲವೆ?' ಎಂದು ಕೇಳುವವರುಂಟು. ಕೆಲಸ ಮುಗಿಯಲಿಲ್ಲ. ಮನೆಯ ಗೋಡೆ ಎದ್ದ ಮಾತ್ರಕ್ಕೆ ಮನೆಯವರು ಒಂದಾಗುವದಿಲ್ಲ. ಬೀದರದ ಬರಗಾಲದ ಸುದ್ದಿಯು ಬೆಂಗಳೂರಿನವನಿಗೆ ಪರದೇಶದ ಸುದ್ದಿಯಂತೆ ಕಾಣಿಸುವ ವರೆಗೆ, ಕರಾವಳಿಯ ಕಡಲ್ಕೊರೆತವು ರಾಯಚೂರಿನವನ ಮನಸ್ಸನ್ನು ಮುಟ್ಟದಿರುವ ವರೆಗೆ, ನಮ್ಮ ಏಕೀಕರಣವು ಸರಕಾರದ ದಫ್ತರದಲ್ಲಿ ಮಾತ್ರ ಆದದ್ದು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಅದವಾನಿಗಳ ಕನ್ನಡಿಗರು ಗೆರೆಯ ಆಚೆಗೇ ಉಳಿದಿದ್ದಾರೆ. ಅಲ್ಲಿಯ ಕನ್ನಡದ ಮನೆಗೆ ನಮ್ಮ ಆಡಳಿತವು ಹೋಗಲಾರದು, ಪತ್ರಿಕೆಯು ಹೋಗಬಹುದು.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಕ್ಷರಸ್ಥರು ನೂರಕ್ಕೆ ಎಪ್ಪತ್ತೈದು. ನಾಲ್ವರಲ್ಲಿ ಮೂವರು ಓದಬಲ್ಲರು. ಆದರೂ ಗಟ್ಟಿಯಾಗಿ ಓದುವವನೂ ಇಲ್ಲ, ಸುತ್ತ ಕುಳಿತು ಕೇಳುವವರೂ ಇಲ್ಲ. ಪ್ರತಿಯೊಬ್ಬನೂ ಅಂಗೈಯಲ್ಲಿ ಮೊಬೈಲನ್ನು ಹಿಡಿದು ತನ್ನ ಸುದ್ದಿಯನ್ನು ತಾನೇ ಒಬ್ಬಂಟಿಗನಾಗಿ ಉಣ್ಣುತ್ತಾನೆ. ಆ ಯಂತ್ರವನ್ನು ನಾವು ಹಳಿಯುವದಿಲ್ಲ. ಜತ್ತದ ಹುಡುಗನಿಗೂ ದುಬೈಯಲ್ಲಿ ದುಡಿಯುವ ಕರಾವಳಿಯವನಿಗೂ ಅದೇ ದಿನದ ಕನ್ನಡ ಸುದ್ದಿಯನ್ನು ಮುಟ್ಟಿಸುವ ಸಾಮರ್ಥ್ಯವು ಹಿಂದೆ ಯಾವ ಟಪ್ಪಾಲಿಗೂ ಇರಲಿಲ್ಲ. ನಮ್ಮ ಆಕ್ಷೇಪಣೆ ಬೇರೆ ಇದೆ.

ಯಾವದಾದರೊಂದು ಪತ್ರಿಕೆಯ ಪುಟಗಳಲ್ಲಿ ಹುಡುಕಿ ನೋಡಿರಿ. ಸಣ್ಣ ಅಕ್ಷರಗಳಲ್ಲಿ ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತೆಂಬ ಒಂದು ಸಾಲು ಇರುವದು. 1867ರ ಮುದ್ರಣ ಕಾಯದೆಯಿಂದ ಬಂದ ನಿಯಮವದು. 2023ರಲ್ಲಿ ಆ ಹಳೆಯ ಕಾಯದೆಯ ಸ್ಥಾನದಲ್ಲಿ ಹೊಸದು ಬಂದಿತು. ಪರಕೀಯ ಸರಕಾರವು ಮುದ್ರಣಾಲಯಗಳ ಮೇಲೆ ಕಣ್ಣಿಡುವದಕ್ಕಾಗಿ ಆ ನಿಯಮವನ್ನು ಮಾಡಿತು. ಆದರೆ ಅದೇ ಸಾಲು ವಾಚಕನ ಕೈಯಲ್ಲಿಯೂ ಒಂದು ಹಕ್ಕನ್ನು ಇಟ್ಟಿತು: ಬರೆದದ್ದು ಸುಳ್ಳಾದರೆ ಯಾರ ಬಾಗಿಲಿಗೆ ಹೋಗಿ ಕೇಳಬೇಕೆಂಬದು ಅವನಿಗೆ ಗೊತ್ತಿತ್ತು. ಇಂದು ಕೈಯಿಂದ ಕೈಗೆ ಹಾರಿ ಬರುವ ಸುದ್ದಿಗೆ ಆ ಸಾಲೇ ಇಲ್ಲ. ಹಡೆದವರ ಹೆಸರಿಲ್ಲ, ಹುಟ್ಟಿದ ಊರಿಲ್ಲ, ತಪ್ಪಿದರೆ ಒಪ್ಪಿಕೊಳ್ಳುವವರಿಲ್ಲ. ಇಂಥ ಅನಾಮಧೇಯ ಸುದ್ದಿಯೊಂದು ಬೆಳಗಾಗುವದರೊಳಗೆ ಎರಡು ಕೇರಿಗಳ ನಡುವೆ ಬೆಂಕಿ ಹಚ್ಚಬಲ್ಲದು. ನೂರು ವರ್ಷಗಳ ಮೇಲೆ ಪತ್ರಿಕೆಗಳು ಒಂದುಗೂಡಿಸಿದ ಜನವನ್ನು ಒಂದು ರಾತ್ರಿಯಲ್ಲಿ ಒಡೆಯುವ ಶಕ್ತಿಯು ಇದಕ್ಕಿದೆ. ನಾವಿಂದು ಅಂಜಬೇಕಾದದ್ದು ಓದು ಕಡಿಮೆಯಾಯಿತೆಂಬದಕ್ಕಲ್ಲ. ಹೊಣೆಯಿಲ್ಲದ ಮಾತು ಹೆಚ್ಚಾಯಿತೆಂಬದಕ್ಕೆ.

ಪತ್ರಿಕೆಗಳೂ ದೋಷರಹಿತವಲ್ಲ. ಹಳ್ಳಿಯ ಹೆಸರು ಅವುಗಳಲ್ಲಿ ಕೊಲೆಯೋ ನೆರೆಯೋ ಬಂದಾಗ ಮಾತ್ರ ಕಾಣುವದು; ಜಾಹೀರಾತಿನ ಹಣಕ್ಕೆ ಬಾಗಿ ಕೇಳಬೇಕಾದ ಪ್ರಶ್ನೆಯನ್ನು ನುಂಗುವದೂ ಉಂಟು. ಆದರೆ ವಾಚಕನು ಸಾಕದಿದ್ದ ಪತ್ರಿಕೆಯನ್ನು ಮತ್ತಾರೋ ಸಾಕುವರು. ಸಾಕಿದವರ ಮನೆಯನ್ನೇ ಅದು ಕಾಯುವದು. ಇದರಲ್ಲಿ ಆಶ್ಚರ್ಯವೇನು?

ಆದುದರಿಂದ ವಾಚಕರ ಧರ್ಮವೇನೆಂಬದನ್ನು ನಾಲ್ಕೇ ಮಾತುಗಳಲ್ಲಿ ಹೇಳಿ ಮುಗಿಸುವೆವು.

ಒಂದನೆಯದು: ಕೊಂಡು ಓದಿರಿ. ಒಂದು ಕನ್ನಡ ಪತ್ರಿಕೆಯ ವರ್ಗಣಿಯನ್ನು ವರ್ಷದ ಖರ್ಚಿನಲ್ಲಿ, ದೀಪದ ಎಣ್ಣೆಯ ಹಾಗೆ, ಮೊದಲೇ ತೆಗೆದಿಡಿರಿ. ಕೊಂಡವನಿಗೆ ಮಾತ್ರ ಬಯ್ಯುವ ಅಧಿಕಾರವಿರುವದು.

ಎರಡನೆಯದು: ಗಟ್ಟಿಯಾಗಿ ಓದಿರಿ. ಶಿಕ್ಷಕರು ದಿನಾಲು ಹತ್ತು ನಿಮಿಷ ವರ್ಗದಲ್ಲಿ ಒಂದು ಸುದ್ದಿಯನ್ನು ಓದಿಸಲಿ. 'ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತಾಯಿತು?' ಎಂಬ ಎರಡೇ ಪ್ರಶ್ನೆಗಳನ್ನು ಹುಡುಗರಿಗೆ ಕಲಿಸಲಿ. ಈ ಎರಡು ಪ್ರಶ್ನೆಗಳನ್ನು ಕಲಿತ ಹುಡುಗನನ್ನು ಮುಂದೆ ಯಾವ ಅನಾಮಧೇಯ ಸುದ್ದಿಯೂ ಮೋಸಗೊಳಿಸಲಾರದು. ಮನೆಗಳಲ್ಲಿ ಮುದುಕರಿಗೂ ಕಣ್ಣು ಮಂದವಾದವರಿಗೂ ಮಕ್ಕಳು ಓದಿ ಹೇಳಲಿ; ಮಕ್ಕಳ ನಾಲಗೆಯೂ ತಿದ್ದುವದು, ಹಿರಿಯರ ಒಂಟಿತನವೂ ತೀರುವದು.

ಮೂರನೆಯದು: ಬರೆಯಿರಿ. ನಿಮ್ಮ ಊರಿನ ಕೆರೆಯ ಹೂಳು, ಮಾಸ್ತರರಿಲ್ಲದ ಶಾಲೆ, ನಿಂತುಹೋದ ಬಸ್ಸು, ಇವೆಲ್ಲವನ್ನೂ ನಿಮ್ಮ ಹೆಸರು, ಊರು ಹಾಕಿ ಸಂಪಾದಕರಿಗೆ ತಿಳಿಸಿರಿ. ಹೆಸರು ಹಾಕಿ ಬರೆದ ಐದು ಸಾಲಿನ ಪತ್ರವು ಹೆಸರಿಲ್ಲದ ಐದು ಸಾವಿರ ಬೈಗುಳಗಳಿಗಿಂತ ಬಲವಾದದ್ದು.

ನಾಲ್ಕನೆಯದು: ಕೂಡಿಡಿರಿ, ದಾಟಿಸಿರಿ. ಈ ವಾಚನಾಲಯವು ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕದೆ ವರ್ಷವರ್ಷಕ್ಕೆ ಕಟ್ಟಿಸಿ ಇಡಲಿ; ನಾಳೆ ನಾಡಿನ ಇತಿಹಾಸವನ್ನು ಬರೆಯುವವನು ಇಲ್ಲಿಗೆ ಬರುವನು. ಗಡಿಯಾಚೆಯ ಒಂದು ಕನ್ನಡ ಶಾಲೆಗೆ ಈ ಊರಿನ ಹೆಸರಿನಿಂದ ಒಂದು ಪತ್ರಿಕೆಯು ಹೋಗುತ್ತಿರಲಿ. ಖರ್ಚು ಅಲ್ಪ, ಆದರೆ 'ನಮ್ಮನ್ನು ಮರೆತಿಲ್ಲ' ಎಂಬ ಮಾತನ್ನು ಅದು ವಾರವಾರಕ್ಕೂ ಅಲ್ಲಿಯ ಮಕ್ಕಳಿಗೆ ಹೇಳುವದು.

'ದೇಶ ಸುತ್ತು, ಇಲ್ಲವೆ ಕೋಶ ಓದು' ಎಂದು ನಮ್ಮ ಹಿರಿಯರು ಹೇಳಿದರು. ದೇಶವನ್ನು ಸುತ್ತುವದಕ್ಕೆ ಹಣವಿಲ್ಲದ, ಕೋಶವನ್ನು ಓದುವದಕ್ಕೆ ಸಮಯವಿಲ್ಲದ ಸಾಮಾನ್ಯ ಮನುಷ್ಯನಿಗಾಗಿಯೇ ಪತ್ರಿಕೆಯು ಹುಟ್ಟಿದೆ. ಅವನ ಬಾಗಿಲಿಗೆ ಅದು ಬರುವದು. ಬಾಗಿಲನ್ನು ತೆರೆದು ಒಳಗೆ ಕರೆದುಕೊಳ್ಳುವದಷ್ಟೇ ಅವನ ಕೆಲಸ. ಈ ಸಭೆಯಿಂದ ಏಳುವ ಮೊದಲು ಒಂದು ಹೊಸ ಹೆಸರಾದರೂ ಈ ವಾಚನಾಲಯದ ವರ್ಗಣಿಯ ಪಟ್ಟಿಯಲ್ಲಿ ಸೇರಿದರೆ ನಮ್ಮ ಈ ಮಾತುಗಳು ಸಾರ್ಥಕವಾದವೆಂದು ಭಾವಿಸುವೆವು.  ಕನ್ನಡ ತಾಯಿಗೆ ಜಯವಾಗಲಿ.